ಮಹಶೀರ್ ಗಾಳ ಮೀನುಗಾರಿಕೆ

ಮಹಶೀರ್ ಗಾಳ ಮೀನುಗಾರಿಕೆಯು ಸಿಹಿನೀರಿನ ದೊಡ್ಡ ಮೀನಾದ ಮಹಶೀರನ್ನು ಗಾಳ ಹಾಕಿ ಹಿಡಿಯುವ ಹವ್ಯಾಸಿ ಕ್ರೀಡೆಯಾಗಿದೆ. ಕರ್ನಾಟಕದ ಕಾವೇರಿ ನದಿಯಲ್ಲಿ ಇದು ಸ್ಥಳೀಯ ಮಾರ್ಗದರ್ಶಕರ ನೆರವಿನಿಂದ 2012ರವರೆಗೆ ನಡೆಯುತ್ತಿತ್ತು. ಈ ಕ್ರೀಡೆಯ ದಾಖಲೆಗಳೇ ಕಾವೇರಿಯ ಮೂಲ ಮಹಶೀರ್ ಅಳಿವಿನತ್ತ ಸಾಗಿರುವುದನ್ನು ತೋರಿಸಿಕೊಟ್ಟವು.

ಹಿನ್ನೆಲೆ

ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಈ ವಿಷಯದ ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇಂದಿನ ಉಡುಪಿ, ಕಾಪು ಮತ್ತು ಕಾರ್ಕಳ ಪ್ರದೇಶಗಳು ಆಗ ಅದೇ ಜಿಲ್ಲೆಗೆ ಸೇರಿದ್ದವು. ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರು 120 ಪೌಂಡ್ (ಸುಮಾರು 54 ಕೆ.ಜಿ.) ತೂಕದ ಮಹಶೀರ್ ಹಿಡಿದರು.

ಮುಂದೆ ದಕ್ಷಿಣ ಭಾರತದ ವನ್ಯಜೀವಿ ಸಂಘವು ಕಾವೇರಿಯಲ್ಲಿ ಗಾಳಗಾರಿಕೆಯನ್ನು ಮೀನಿನ ಸಂರಕ್ಷಣೆಯೊಡನೆ ಜೋಡಿಸಿತು. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು.

ಋತು ಮತ್ತು ವಿಧಾನ

ಮಳೆಗಾಲದ ಪ್ರವಾಹ ಇಳಿದ ಬಳಿಕ, ಮುಖ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಳ ಹಾಕಲಾಗುತ್ತಿತ್ತು. ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ಏಡಿ ಹಾಗೂ ಸಣ್ಣ ಮೀನುಗಳನ್ನು ಎರೆಯಾಗಿ ಬಳಸುತ್ತಿದ್ದರು. ಗಾಳಕ್ಕೆ ಸಿಕ್ಕ ಮೀನು ಬಂಡೆಗಳ ನಡುವೆ ನುಗ್ಗಿದಾಗ ಹರಿಗೋಲಿನಲ್ಲಿ ಅದನ್ನು ಹಿಂಬಾಲಿಸಬೇಕಾಗುತ್ತಿತ್ತು. ಮಡು, ಸುಳಿ ಮತ್ತು ಬಂಡೆಗಳ ನೆಲೆ ಬಲ್ಲ ಮಾರ್ಗದರ್ಶಕರಿಲ್ಲದೆ ಇದು ಸಾಧ್ಯವಿರಲಿಲ್ಲ. ಈ ಮಾರ್ಗದರ್ಶಕರಲ್ಲಿ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಇದ್ದರು. ಹಿಡಿದ ಮೀನಿನ ತೂಕವನ್ನು ಬರೆದುಕೊಂಡು ಅದನ್ನು ಜೀವಂತವಾಗಿ ನದಿಗೆ ಮರಳಿ ಬಿಡುವುದು ಶಿಬಿರಗಳ ನಿಯಮವಾಗಿತ್ತು.

ನಿಲುಗಡೆ

ಈ ಶಿಬಿರಗಳಿದ್ದ ಪ್ರದೇಶವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೆನಿಸುವುದರಿಂದ, ಹಿಡಿದು ಬಿಡುವ ಗಾಳಗಾರಿಕೆಗೂ ಅಲ್ಲಿ ಅವಕಾಶವಿಲ್ಲದಾಯಿತು. ಶಿಬಿರಗಳ ಕಾವಲಿನಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ತಡೆಯಿತ್ತೆಂಬುದು ಗಾಳಗಾರರ ವಾದ. ಅಭಯಾರಣ್ಯದಲ್ಲಿ ಮನರಂಜನೆಗಾಗಿ ವನ್ಯಜೀವಿಯನ್ನು ಹಿಂಸಿಸಬಾರದೆಂಬುದು ವಿರೋಧಿಗಳ ವಾದ.

ದಾಖಲೆಗಳ ಮಹತ್ವ

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6161 ಮಹಶೀರ್‌ಗಳ ವಿವರಗಳನ್ನು ವಿಜ್ಞಾನಿಗಳು 2015ರಲ್ಲಿ ವಿಶ್ಲೇಷಿಸಿದರು. ಮೀನುಗಳ ಒಟ್ಟು ಸಂಖ್ಯೆ ಹೆಚ್ಚಿತ್ತಾದರೂ, ಆ ಹೆಚ್ಚಳ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್‌ನದ್ದಾಗಿತ್ತು. ಕಾವೇರಿಗೇ ವಿಶಿಷ್ಟವಾದ, ಬೆನ್ನು ಉಬ್ಬಿದ ಮಹಶೀರ್ ಕ್ಷೀಣಿಸಿತ್ತು. 2018ರಲ್ಲಿ ಈ ಮೀನನ್ನು ಟಾರ್ ರೆಮಾದೇವಿಯೈ ಪ್ರಭೇದವೆಂದು ಗುರುತಿಸಲಾಯಿತು. ಇದು ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ.