ಗ್ರೂಪಲ್ಲಿ 31 ಜನ ನೋಡಿದ್ವಿ: ಮಂಡ್ಯ, ಫೆಬ್ರವರಿ 2022

ನಮ್ಮ ಜಿಲ್ಲೆಯ ಇತಿಹಾಸ ಅಂದ್ರೆ ಶಿವಪುರದ ಧ್ವಜ ಸತ್ಯಾಗ್ರಹ, ವಿಶ್ವೇಶ್ವರಯ್ಯ ನಾಲೆ, ಮೈಶುಗರ್ ಅಂತ ಶುರು ಮಾಡೋದು ರೂಢಿ. ಇವತ್ತು ಅಷ್ಟು ಹಿಂದಕ್ಕೆ ಹೋಗಲ್ಲ. 2022ರ ಫೆಬ್ರವರಿ ಸಾಕು. ಆ ಇತಿಹಾಸದಲ್ಲಿ ನಾನೂ ಇದ್ದೆ, ಫೋನ್ ಹಿಡ್ಕೊಂಡು.

ಫೆಬ್ರವರಿ 8, ಮಂಗಳವಾರ. ಉಡುಪಿಯ ಸರ್ಕಾರಿ ಪಿಯು ಕಾಲೇಜಲ್ಲಿ ಶುರುವಾದ ಹಿಜಾಬ್ ವಿವಾದ ಅಷ್ಟೊತ್ತಿಗೆ ರಾಜ್ಯದ ತುಂಬಾ ಹಬ್ಬಿತ್ತು. ಮಂಡ್ಯದ ಪಿಇಎಸ್ ಕಾಲೇಜಿಗೆ ಬಿ.ಕಾಂ. ಓದುತ್ತಿದ್ದ ಹುಡುಗಿಯೊಬ್ಬಳು ಬುರ್ಖಾ ಹಾಕ್ಕೊಂಡು ಸ್ಕೂಟರಲ್ಲಿ ಬಂದಳು. ಅಸೈನ್‌ಮೆಂಟ್ ಕೊಡಬೇಕಿತ್ತು. ಕೇಸರಿ ಶಾಲಿನ ಹುಡುಗರ ಗುಂಪು ಘೋಷಣೆ ಕೂಗ್ತಾ ಹಿಂದೆ ಬಿತ್ತು. ಅವಳೂ ತಿರುಗಿ ಕೂಗಿದಳು. ಆ ವಿಡಿಯೋ ನೀವೆಲ್ಲ ನೋಡಿರ್ತೀರ. ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಅಂತ ಮುಖ್ಯಮಂತ್ರಿ ಬೊಮ್ಮಾಯಿ ಘೋಷಿಸಿದ್ದೂ ಅವತ್ತೇ. ಹಿಜಾಬ್ ಸರಿಯೋ ತಪ್ಪೋ ಅನ್ನೋದು ಇವತ್ತಿನ ವಿಷಯ ಅಲ್ಲ. ಹೈಕೋರ್ಟ್ ಮಾರ್ಚ್ 15ಕ್ಕೆ ಒಂದು ತೀರ್ಪು ಕೊಟ್ಟಿತು, ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರ್ 13ಕ್ಕೆ ಎರಡು ಥರ ಹೇಳಿದರು.

ನಾನು ಹೇಳೋಕೆ ಹೊರಟಿರೋದು ಆ ವಿಡಿಯೋದಲ್ಲಿ ಯಾರೂ ಅಷ್ಟಾಗಿ ಗಮನಿಸದ ಜನರ ಬಗ್ಗೆ. ಕಾಲೇಜಿನವರು ಮಧ್ಯೆ ಬಂದು ಅವಳನ್ನ ಒಳಗೆ ಕರ್ಕೊಂಡು ಹೋಗ್ತಾರೆ. ಪ್ರಿನ್ಸಿಪಾಲರೂ ಲೆಕ್ಚರರ್‌ಗಳೂ ತನ್ನನ್ನ ಕಾಪಾಡಿದರು ಅಂತ ಆಮೇಲೆ ಅವಳೇ ಟೀವಿಯವರಿಗೆ ಹೇಳಿದಳು. ಅವರು ಗುಂಪಿನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಅವಳ ಪಕ್ಕಕ್ಕೆ ಹೋದರು, ಅಷ್ಟೇ.

ಫೋನೊಳಗೆ ಹಾಗೆ ಪಕ್ಕಕ್ಕೆ ಹೋಗೋದು ಹೇಗೆ?

ಆಗ ನಾನು ಆಡಿಟರ್ ಒಬ್ಬರ ಆಫೀಸಲ್ಲಿದ್ದೆ. 11ನೇ ತಾರೀಖು ಜಿಎಸ್‌ಟಿಆರ್-1 ಕೊನೇ ದಿನ, ತಲೆ ಎತ್ತೋಕೆ ಪುರುಸೊತ್ತಿಲ್ಲ. ಅಂಥದ್ರಲ್ಲಿ ನಮ್ಮ ಬಿ.ಕಾಂ. ಬ್ಯಾಚಿನ ಗ್ರೂಪಿಗೆ ಒಂದು ಫೋಟೋ ಬಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರೇ ಇರೋ ಗ್ರೂಪು. ಫೋಟೋದಲ್ಲಿ ಜೀನ್ಸ್ ಹಾಕಿದ ಒಬ್ಬ ಯುವತಿ. 'ಕಾಲೇಜಿಗೆ ಮಾತ್ರ ಬುರ್ಖಾ, ಹೊರಗೆ ನೋಡಿ ಇವಳ ಅವತಾರ' ಅನ್ನೋ ಥರ ಬರಹ, ಅದರ ಕೆಳಗೆ ನಾನು ಇಲ್ಲಿ ಓದೋಕಾಗದ ಮಾತು. ಮೇಲೆ ಎರಡು ಬಾಣದ ಗುರುತು, ಅಂದ್ರೆ ತುಂಬಾ ಕೈ ದಾಟಿ ಬಂದಿದ್ದು.

ಅದು ಆ ಹುಡುಗಿಯಲ್ಲ ಅಂತ ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಆಗ ಜೆಡಿಎಸ್‌ನಲ್ಲಿದ್ದ ನಜ್ಮಾ ನಜೀರ್ ಚಿಕ್ಕನೇರಳೆ ಅವರ ಫೋಟೋ ಅದು. ಅವರ ಭಾಷಣ ಮೊದಲೇ ನೋಡಿದ್ದೆ. ಫ್ಯಾಕ್ಟ್‌ಚೆಕ್ ಮಾಡೋರೂ ಅದನ್ನೇ ಬರೆದರು.

ಟೈಪ್ ಮಾಡಿದೆ: 'ಇದು ಅವಳಲ್ಲ.' ಅಳಿಸಿದೆ. ಯಾಕಂದ್ರೆ 'ಇದು ಅವಳಲ್ಲ, ನಜ್ಮಾ' ಅಂದ್ರೆ ಆ ಬೈಗುಳವನ್ನ ಒಬ್ಬಳಿಂದ ಬಿಡಿಸಿ ಇನ್ನೊಬ್ಬಳಿಗೆ ಕಟ್ಟಿದ ಹಾಗೆ. ಅವಳೇ ಆಗಿದ್ರೆ ಬೈಬಹುದಿತ್ತಾ? ಜೀನ್ಸ್ ಹಾಕೋದು ಏನು ತಪ್ಪು? ಅಷ್ಟೆಲ್ಲ ಬರೀಬೇಕು ಅಂದ್ರೆ ಗ್ರೂಪಲ್ಲಿ ಜಗಳ ಗ್ಯಾರಂಟಿ. ಹಾಕಿದವನು ಮದ್ದೂರಿನ ಗೆಳೆಯ, ಅವರಮ್ಮನ ಕೈಯ ಮುದ್ದೆ ಎಷ್ಟು ಸಲ ಉಂಡಿದ್ದೀನೋ. ನಿಜ ಹೇಳಬೇಕು ಅಂದ್ರೆ ಮೊದಲನೇ ಕಾರಣ ಆಮೇಲೆ ಹೊಳೆದದ್ದು. ಅಳಿಸುವಾಗ ಇದ್ದದ್ದು ಮುದ್ದೆಯ ಋಣ. ಫೋನ್ ಕೆಳಗಿಟ್ಟು ರಿಟರ್ನ್ ತುಂಬೋಕೆ ಕೂತೆ.

ಡಾರ್ಲಿ, ಲತಾನೆ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ರೂಮಿನೊಳಗೆ ಹೊಗೆ ಬಿಡೋದು. ಒಬ್ಬನೇ ಇದ್ದಾಗ 100ರಲ್ಲಿ 75 ಜನ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಇಬ್ಬರು ಬೇಕಂತಲೇ ಸುಮ್ಮನೆ ಕೂತಿದ್ದಾಗ ಹಾಗೆ ಹೇಳಿದವರು 100ಕ್ಕೆ 10 ಮಾತ್ರ. ಮಿಕ್ಕವರು ಹೊಗೆಯಲ್ಲೇ ಕೂತರು. ನಮ್ಮ ಗ್ರೂಪಲ್ಲಿ ಸುಮ್ಮನಿದ್ದವರು ಇಬ್ಬರಲ್ಲ.

ಸಂಜೆ ಐದೂವರೆಗೆ ಗ್ರೂಪಲ್ಲಿ ಒಂದು ಸಣ್ಣ ಬೂದು ಸಾಲು ಬಂತು. ಮಳವಳ್ಳಿಯ ನಮ್ಮ ಕ್ಲಾಸ್‌ಮೇಟ್, ಗ್ರೂಪಲ್ಲಿದ್ದ ಒಬ್ಬಳೇ ಮುಸ್ಲಿಂ ಹುಡುಗಿ, ಲೆಫ್ಟ್. ಆಗಿನ್ನೂ ಯಾರಾದ್ರೂ ಹೊರಗೆ ಹೋದ್ರೆ ವಾಟ್ಸಾಪ್ ಎಲ್ಲರಿಗೂ ತೋರಿಸ್ತಿತ್ತು. ಆದ್ರೂ ಯಾಕೆ ಅಂತ ಯಾರೂ ಕೇಳಲಿಲ್ಲ. ಅದರ ಕೆಳಗೇ ಒಬ್ಬ ಐಪಿಎಲ್ ಹರಾಜಿನ ವಿಷಯ ಹಾಕಿದ.

ಆಗ ಮದ್ದೂರಿಗೆ ಫೋನ್ ಮಾಡಿದೆ. "ಯಾಕ್ಲಾ ಹಾಕ್ದೆ ಅದನ್ನ? ಸುಳ್ಳು ಕಣ್ಲಾ ಅದು."

"ಯಾರೋ ಕಳ್ಸಿದ್ರು, ನಾನೂ ಹಾಕ್ದೆ. 31 ಜನ ನೋಡವ್ರೆ ಕಣ್ಲಾ, ಇಲ್ಲಿ ತೋರಿಸ್ತೈತೆ. ನೀನೂ ಮಧ್ಯಾಹ್ನವೇ ನೋಡಿದ್ದೀಯ. ಆಗ್ಲೇ ಬೊಗಳೋದಲ್ವಾ?"

ಕೆಟ್ಟವನಲ್ಲ ಅವನು. ಡಿಲೀಟ್ ಮಾಡ್ತೀನಿ ಅಂದ. ಆದ್ರೆ 'ಎಲ್ಲರಿಗೂ ಡಿಲೀಟ್' ಅನ್ನೋದು ಬರಲೇ ಇಲ್ಲ. ಆಗ ಅದಕ್ಕಿದ್ದ ಅವಧಿ 1 ಗಂಟೆ, 8 ನಿಮಿಷ, 16 ಸೆಕೆಂಡ್. ಎರಡು ದಿನದವರೆಗೂ ಅಳಿಸೋ ಅವಕಾಶ ಬಂದದ್ದು ಅದೇ ವರ್ಷ ಆಗಸ್ಟಲ್ಲಿ.

ಈ ಎಪಿಸೋಡ್ ಮಾಡೋಕೆ ಮುಂಚೆ ಮಳವಳ್ಳಿಯ ಗೆಳತಿಗೆ ಫೋನ್ ಮಾಡಿದೆ. ಹೇಳಬಹುದಾ ಅಂತ ಕೇಳಿದೆ. ಹೇಳು, ಹೆಸರು ಬೇಡ ಅಂದಳು. ಆಮೇಲೆ ಅವಳೇ ಅಂದಳು: "ಫೋಟೋ ನೋಡಿ ಹೋಗ್ಲಿಲ್ಲ ಕಣೋ. ಅಂಥವು ಆ ವಾರ ಬೇಜಾನ್ ಬಂದಿದ್ವು. ಯಾರಾದ್ರೂ ಏನಾದ್ರೂ ಬರೀತೀರೇನೋ ಅಂತ ಸಂಜೆವರೆಗೂ ನೋಡ್ತಿದ್ದೆ. ನೀನು ಟೈಪಿಂಗ್ ಅಂತ ಒಂದ್ಸಲ ತೋರಿಸ್ತು."

ಮಗು ಎದ್ದಿದೆ, ಆಮೇಲೆ ಮಾಡ್ತೀನಿ ಅಂತ ಫೋನಿಟ್ಟಳು.