ಮೂಳೆಯ ಗಡ್ಡೆಗೆ ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆಯೇ?

"ಗಡ್ಡೆಗೆ ಸೂಜಿ ಚುಚ್ಚಿಸಬೇಡಿ, ಮೈಯೆಲ್ಲ ಹರಡುತ್ತದೆ" ಎನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಇದನ್ನು ನಂಬಿದರೆ ಪತ್ತೆಯೇ ಆಗದೆ ಉಳಿಯಬಹುದಾದ ಒಂದು ಅಪರೂಪದ ಕಾಯಿಲೆಯಿದೆ. ಅದರ ಹೆಸರು ಸಾಲಿಟರಿ ಪ್ಲಾಸ್ಮಾಸೈಟೋಮಾ, ಅಂದರೆ ಪ್ಲಾಸ್ಮಾ ಕೋಶಗಳ ಒಂಟಿ ಗಡ್ಡೆ.

ಪ್ಲಾಸ್ಮಾ ಕೋಶಗಳು ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ಇವುಗಳಲ್ಲೊಂದು ಕೆಟ್ಟು ಒಂದೇ ಕಡೆ ಬೆಳೆಯುತ್ತ ಹೋದರೆ ಈ ಗಡ್ಡೆಯಾಗುತ್ತದೆ. ಹೆಚ್ಚಾಗಿ ಕಾಣುವುದು ಬೆನ್ನುಮೂಳೆಯಲ್ಲಿ, ನಡುವಯಸ್ಸು ದಾಟಿದವರಲ್ಲಿ. ಮೊದಲಿಗೆ ಬರೀ ನೋವು. ಗಡ್ಡೆ ನರಹುರಿಯನ್ನು ಒತ್ತಿ ಕಾಲಿನ ಶಕ್ತಿ ಕುಗ್ಗಿದರೆ ಅದು ತುರ್ತು ಸ್ಥಿತಿ.

ಎಂಆರ್‌ಐ ಗಡ್ಡೆ ಎಲ್ಲಿದೆ ಎಂದು ತೋರಿಸುತ್ತದೆ, ಯಾವುದು ಎಂದು ಖಚಿತವಾಗಿ ಹೇಳುವುದಿಲ್ಲ. ಬೆನ್ನುಮೂಳೆಯ ಕ್ಷಯ, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ಕೂಡ ಸ್ಕ್ಯಾನಿನಲ್ಲಿ ಹೀಗೇ ಕಾಣಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಹಾಗಾಗಿ ಬಯಾಪ್ಸಿ ಬೇಕೇ ಬೇಕು. ಪ್ಲಾಸ್ಮಾ ಕೋಶಗಳು ಸಿಕ್ಕಿದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ, ಹಳೆಯ ಸೋಂಕಿನಲ್ಲೂ ಅವು ಗುಂಪುಗೂಡುತ್ತವೆ. ಸೋಂಕಿದ್ದಲ್ಲಿ ಕಪ್ಪಾ, ಲ್ಯಾಂಬ್ಡಾ ಎಂಬ ಎರಡೂ ಬಗೆಯ ಕೋಶಗಳು ಬೆರೆತಿರುತ್ತವೆ. ಗಡ್ಡೆಯಲ್ಲಾದರೆ ಒಂದೇ ಬಗೆ.

ಸೂಜಿ ಹೋದ ದಾರಿಯಲ್ಲಿ ಕೋಶಗಳು ಉಳಿದು ಬೆಳೆದದ್ದು ಕೆಲವು ಕ್ಯಾನ್ಸರ್‌ಗಳಲ್ಲಿ ತೀರಾ ಅಪರೂಪಕ್ಕೆ ಕಂಡಿದೆ, ನಿಜ. ಆದರೆ ಕಾಯಿಲೆ ಯಾವುದೆಂದು ತಿಳಿಯದೆ ತಪ್ಪು ಔಷಧಿ ನುಂಗುವ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ಮುಂದಿನ ಪ್ರಶ್ನೆ: ಗಡ್ಡೆ ನಿಜಕ್ಕೂ ಒಂಟಿಯೇ? ಇದಕ್ಕಾಗಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡುತ್ತಾರೆ. ಪೆಟ್-ಸಿಟಿ ಅಥವಾ ಇಡೀ ದೇಹದ ಎಂಆರ್‌ಐ ಮಾಡಿಸುತ್ತಾರೆ. ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಜೊತೆಗೆ ರಕ್ತದ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯೂ ಇರುತ್ತದೆ. ಈ ಕೊನೆಯದು ನಾರ್ಮಲ್ ಬಂದರೆ ನಿರಾಳವಾಗಬೇಡಿ, ಎಷ್ಟೋ ರೋಗಿಗಳಲ್ಲಿ ಅಸಹಜ ಪ್ರೋಟೀನ್ ಕಾಣುವುದೇ ಇಲ್ಲ.

ಮಜ್ಜೆಯಲ್ಲಿ ಕೆಟ್ಟ ಪ್ಲಾಸ್ಮಾ ಕೋಶಗಳು ಶೇ. 10 ಅಥವಾ ಹೆಚ್ಚಿದ್ದರೆ ಅದು ಮಲ್ಟಿಪಲ್ ಮೈಲೋಮಾ, ಇಡೀ ದೇಹಕ್ಕೆ ಔಷಧಿ ಬೇಕಾಗುತ್ತದೆ. ಒಂಟಿ ಗಡ್ಡೆಗೆ ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ವಿಕಿರಣ ಚಿಕಿತ್ಸೆ ಕೊಡುತ್ತಾರೆ. 2014ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಮಜ್ಜೆ ಶುದ್ಧವಾಗಿದ್ದವರಲ್ಲಿ 3 ವರ್ಷದೊಳಗೆ ಕಾಯಿಲೆ ಮರಳುವ ಅಥವಾ ಮುಂದುವರಿಯುವ ಸಾಧ್ಯತೆ ಸುಮಾರು ಶೇ. 10. ಮಜ್ಜೆಯಲ್ಲಿ ಶೇ. 10ಕ್ಕಿಂತ ಕಡಿಮೆಯಾದರೂ ಕೆಟ್ಟ ಕೋಶಗಳಿದ್ದರೆ ಮೂಳೆಯ ಗಡ್ಡೆಯಲ್ಲಿ ಅದು ಸುಮಾರು ಶೇ. 60. ನೋವು ಪೂರ್ತಿ ಹೋದ ಮೇಲೂ ವೈದ್ಯರು ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆಯುವುದು ಇದಕ್ಕೇ.