ಹಳೇ ಡ್ರಾಯಿಂಗ್ ಬಾಕ್ಸಿನ ಜಪಾನಿ ಪೆನ್ಸಿಲ್: ಗುರುತಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅನೇಕ ಮನೆಗಳಲ್ಲಿ ನೀರಾವರಿ, ಲೋಕೋಪಯೋಗಿ, ವಿದ್ಯುತ್ ಇಲಾಖೆಗಳಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಇದು ನಾಲೆಗಳ ಜಿಲ್ಲೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಲ್ಲಿ ಶುರುವಾಯಿತು. ಕಂಪ್ಯೂಟರ್ ಬರುವ ಮೊದಲು ನಾಲೆ, ಸೇತುವೆ, ಕಟ್ಟಡ ಎಲ್ಲವೂ ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ ಗೆರೆಯಾಗಿ ಹುಟ್ಟುತ್ತಿದ್ದವು.

ಆ ಕಾಲದ ಡ್ರಾಯಿಂಗ್ ಬಾಕ್ಸುಗಳು ಈಗ ಅಟ್ಟದ ಮೇಲೋ ಬೀರುವಿನ ಮೂಲೆಯಲ್ಲೋ ಇವೆ. ಕಂಪಾಸು, ಸೆಟ್ ಸ್ಕ್ವೇರ್‌ಗಳ ನಡುವೆ ಕೆಲವೊಮ್ಮೆ ಒಂದು ತೆಳ್ಳಗಿನ ಜಪಾನಿ ಪೆನ್ಸಿಲ್ ಕೂಡ ಇರುತ್ತದೆ. ಒತ್ತಿದರೆ ಲೆಡ್ ಬರುವುದಿಲ್ಲ ಎಂದು ಅದನ್ನು ಗುಜರಿಗೆ ಹಾಕುವವರಿದ್ದಾರೆ. ಹಳೆಯದು ಎಂದ ಮಾತ್ರಕ್ಕೆ ಭಾರಿ ಬೆಲೆ ಬರುತ್ತದೆ ಎಂದು ನಂಬುವವರೂ ಇದ್ದಾರೆ. ಇಂಥ ಪೆನ್ಸಿಲ್ ನಿಜಕ್ಕೂ ಏನು, ಎಷ್ಟು ಹಳೆಯದು, ಮತ್ತೆ ಕೆಲಸ ಮಾಡುತ್ತದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸುವ ದಾರಿಯನ್ನು ನಾವು ಇಲ್ಲಿ ನೋಡೋಣ.

ಲೆಡ್ ಅಂದರೆ ಸೀಸವೇ?

ಅಲ್ಲ. ಕನ್ನಡದಲ್ಲಿ ಸೀಸದ ಕಡ್ಡಿ ಎನ್ನುತ್ತೇವೆ, ಅಂಗಡಿಯಲ್ಲಿ ಲೆಡ್ ಡಬ್ಬಿ ಕೇಳುತ್ತೇವೆ. ಆದರೆ ಒಳಗಿರುವುದು ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ಹಿಂದೆ ಗ್ರಾಫೈಟನ್ನು ಸೀಸದ ಅದಿರೆಂದು ತಪ್ಪಾಗಿ ತಿಳಿದಿದ್ದರಿಂದ ಈ ಹೆಸರು ಅಂಟಿಕೊಂಡಿತು. ಹಾಗಾಗಿ ಕೈಗೆ ಲೆಡ್ ಪುಡಿ ಅಂಟಿದರೆ ಸೀಸದ ವಿಷ ಏರುವುದಿಲ್ಲ. ಆದರೂ ಚಿಕ್ಕ ಮಕ್ಕಳ ಕೈಗೆ ಇಂಥ ಪೆನ್ಸಿಲ್ ಕೊಡಬೇಡಿ. ಅದರ ತುದಿ ಸೂಜಿಯಂತೆ ಚುಚ್ಚುತ್ತದೆ.

ಮರದ ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಅದನ್ನೇ ಅರ್ಧ ಮಿಲಿಮೀಟರಿಗೆ ತೆಳ್ಳಗೆ ಮಾಡಿದರೆ ಬರೆಯುವ ಮೊದಲೇ ಮುರಿಯುತ್ತದೆ. ಜಪಾನಿನ ಪೆಂಟೆಲ್ ಕಂಪನಿ 1960ರಲ್ಲಿ ಮಣ್ಣಿನ ಬದಲು ಪಾಲಿಮರ್ ಬೆರೆಸಿ ಸುಟ್ಟ ಲೆಡ್ಡನ್ನು ಮಾರುಕಟ್ಟೆಗೆ ತಂದಿತು. ಸುಟ್ಟಾಗ ಪಾಲಿಮರ್ ಕೂಡ ಇಂಗಾಲವಾಗಿ ಗ್ರಾಫೈಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದಾದ ಮೇಲೆ 0.5 ಮಿ.ಮೀ. ಲೆಡ್ ಸಾಧ್ಯವಾಯಿತು. ಹಳೇ ಪೆನ್ಸಿಲ್ಲಿನ ಕಾಲ ಗೊತ್ತುಮಾಡಲು ಈ ಇಸವಿ ಬಹಳ ಉಪಯುಕ್ತ.

ಡ್ರಾಫ್ಟಿಂಗ್ ಪೆನ್ಸಿಲ್ ಎಂದು ಹೇಳುವುದು ಹೇಗೆ?

ಎಲ್ಲ ಪೆನ್ ಪೆನ್ಸಿಲ್ಲುಗಳೂ ಡ್ರಾಫ್ಟಿಂಗ್ ಪೆನ್ಸಿಲ್ ಅಲ್ಲ. ನಾಲ್ಕು ಗುರುತುಗಳನ್ನು ನೋಡಿ.

1. ತುದಿಯ ಕೊಳವೆ: ಲೆಡ್ ಹೊರಬರುವ ಕಡೆ ಸುಮಾರು 4 ಮಿ.ಮೀ. ಉದ್ದದ, ಮೇಲಿಂದ ಕೆಳಗೆ ಒಂದೇ ದಪ್ಪದ ಲೋಹದ ಕೊಳವೆ ಇರುತ್ತದೆ. ಸ್ಕೇಲಿನ ಅಂಚಿಗೆ ಈ ಕೊಳವೆಯೇ ಒರಗುವುದರಿಂದ ಲೆಡ್ ಮುರಿಯುವುದಿಲ್ಲ, ಗೆರೆ ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಕಾಣುತ್ತದೆ. ಶಂಕುವಿನಂತೆ ದಪ್ಪನೆಯ ತುದಿಯಿದ್ದರೆ ಅದು ಸಾಮಾನ್ಯ ಬರವಣಿಗೆಯ ಪೆನ್ಸಿಲ್.

2. ಹಿಡಿ: ಬೆವರಿದ ಬೆರಳು ಜಾರದಂತೆ ಗೀರು ಹಾಕಿರುತ್ತಾರೆ. ಲೇತ್ ಕೆಲಸದವರು ಇದನ್ನು ನರ್ಲಿಂಗ್ ಎನ್ನುತ್ತಾರೆ. ಒಳ್ಳೆಯ ಪೆನ್ಸಿಲ್ಲಿನಲ್ಲಿ ಗೀರುಗಳು ಸಮನಾಗಿ, ಸ್ಪಷ್ಟವಾಗಿ ಇರುತ್ತವೆ.

3. ಗಡಸುತನದ ಕಿಂಡಿ: ಕೆಲವು ಮಾದರಿಗಳಲ್ಲಿ 2ಎಚ್, ಎಚ್, ಎಚ್‌ಬಿ ಎಂದು ತಿರುಗಿಸಿ ಇಡಬಹುದಾದ ಸಣ್ಣ ಕಿಂಡಿ ಇರುತ್ತದೆ. ನಕ್ಷೆಗಾರರು ತೆಳು ಗೆರೆಗೆ ಒಂದು, ದಟ್ಟ ಗೆರೆಗೆ ಇನ್ನೊಂದು ಪೆನ್ಸಿಲ್ ಬಳಸುತ್ತಿದ್ದರು. ಯಾವುದರಲ್ಲಿ ಯಾವ ಲೆಡ್ ಇದೆ ಎಂಬ ನೆನಪಿಗೆ ಈ ಕಿಂಡಿ.

4. ಲೆಡ್ ಅಳತೆ: ಮೈಮೇಲೆ ಅಥವಾ ಒತ್ತುವ ಟೊಪ್ಪಿಯ ಮೇಲೆ 0.3, 0.5, 0.7, 0.9 ಎಂದಿರುತ್ತದೆ. ಪೆಂಟೆಲ್ ಪಿ 200 ಸರಣಿಯಲ್ಲಿ ಬಣ್ಣವೇ ಅಳತೆ ಹೇಳುತ್ತದೆ: ಕಂದು 0.3, ಕಪ್ಪು 0.5, ನೀಲಿ 0.7, ಹಳದಿ 0.9.

ಮಾದರಿ ಸಂಖ್ಯೆಯಲ್ಲೂ ಮಾಹಿತಿ ಇರುತ್ತದೆ. ಪಿ 205ರ ಕೊನೆಯ 5 ಎಂದರೆ 0.5 ಮಿ.ಮೀ. ಅನೇಕ ಜಪಾನಿ ಮಾದರಿಗಳ ಸಂಖ್ಯೆಯಲ್ಲಿ ಅಲ್ಲಿನ ಬೆಲೆಯೂ ಅಡಗಿದೆ. ಪೈಲಟ್‌ನ ಎಚ್-1005 ಎಂದರೆ 1,000 ಯೆನ್, 0.5 ಮಿ.ಮೀ. ಪೆಂಟೆಲ್ ಗ್ರಾಫ್ 1000 ಕೂಡ 1,000 ಯೆನ್ ಬೆಲೆಯ ಪೆನ್ಸಿಲ್ಲಾಗಿಯೇ ಬಂದದ್ದು.

ಎಷ್ಟು ಹಳೆಯದು?

ನಮ್ಮಲ್ಲಿ ಇಂಥ ಪೆನ್ಸಿಲ್ಲಿಗೆ ಬಿಲ್ಲು, ಡಬ್ಬಿ ಸಿಗುವುದು ಅಪರೂಪ. ಭಾರತದಲ್ಲಿ ಬಳಕೆಯ ವಸ್ತುಗಳ ಆಮದಿನ ಮೇಲೆ 2001ರವರೆಗೂ ನಿರ್ಬಂಧಗಳಿದ್ದವು. ಹಾಗಾಗಿ ಹೊರದೇಶಕ್ಕೆ ಹೋಗಿಬಂದ ನೆಂಟರ ಚೀಲದಲ್ಲಿ ಬಂದ ಪೆನ್ಸಿಲ್ಲುಗಳೇ ಹೆಚ್ಚು. ಪೆನ್ಸಿಲ್ಲನ್ನೇ ಓದಿ ಕಾಲ ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆ: ಮಾದರಿಯ ಹೆಸರು ಗೊತ್ತಾದರೆ ಅದು ಯಾವಾಗ ಮೊದಲು ಬಂತೆಂದು ತಿಳಿಯುತ್ತದೆ, ನಿಮ್ಮ ಕೈಲಿರುವುದು ಯಾವಾಗ ತಯಾರಾಯಿತೆಂದು ಅಲ್ಲ. ಪಿ 205 ಬಂದದ್ದು 1970ರ ದಶಕದ ಆರಂಭದಲ್ಲಿ, ಗ್ರಾಫ್ 1000 ಬಂದದ್ದು 1986ರಲ್ಲಿ. ಎರಡೂ ಈಗಲೂ ಹೊಸದಾಗಿಯೇ ಸಿಗುತ್ತವೆ. ಆದ್ದರಿಂದ ಪಿ 205 ಎಂದ ಕೂಡಲೇ ಅಪರೂಪದ ವಸ್ತು ಎಂದುಕೊಳ್ಳಬೇಡಿ.

ಬಾರ್‌ಕೋಡ್ ಇದ್ದರೆ ಇನ್ನೊಂದು ಸುಳಿವು. ಜಪಾನಿನಲ್ಲಿ ಬಾರ್‌ಕೋಡ್ ಮಾನಕ ಬಂದದ್ದು 1978ರಲ್ಲಿ, ಹಾಗಾಗಿ ಆ ಪೆನ್ಸಿಲ್ ಅದಕ್ಕಿಂತ ಹಳೆಯದಾಗಿರಲಾರದು. ಸಂಖ್ಯೆ 49 ಅಥವಾ 45ರಿಂದ ಶುರುವಾದರೆ ಕಂಪನಿ ಜಪಾನಿನಲ್ಲಿ ನೋಂದಾಯಿತ ಎಂದಷ್ಟೇ ಅರ್ಥ. ತಯಾರಾದ ಜಾಗ ಅದರಿಂದ ಗೊತ್ತಾಗುವುದಿಲ್ಲ.

ಕೇಳಿಬರುವ ನಾಲ್ಕು ಮಾತು, ನಾಲ್ಕು ಉತ್ತರ

"ಕೆ.ಆರ್.ಎಸ್. ನಕ್ಷೆ ಬರೆದ ಕಾಲದ ಪೆನ್ಸಿಲ್ ಇದು." 0.5 ಲೆಡ್ಡಿನ ಪೆನ್ಸಿಲ್ ಆಗಿದ್ದರೆ ಸಾಧ್ಯವಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ತೆಳು ಲೆಡ್ ಬಂದದ್ದು 1960ರ ದಶಕದಲ್ಲಿ. ಜಪಾನಿನಲ್ಲಿ ಹಯಕಾವ ತೊಕುಜಿ ತಮ್ಮ ಲೋಹದ ಯಾಂತ್ರಿಕ ಪೆನ್ಸಿಲ್ ತಂದದ್ದೂ 1915ರಲ್ಲಿ. ಆ ಪೆನ್ಸಿಲ್ಲಿನ ಹೆಸರಿನಿಂದಲೇ ಅವರ ಶಾರ್ಪ್ ಕಂಪನಿಗೆ ಹೆಸರು ಬಂತು.

"ಯೂನಿ ಪೆನ್ಸಿಲ್ ಮಾಡುವ ಮಿತ್ಸುಬಿಷಿ, ಕಾರಿನ ಮಿತ್ಸುಬಿಷಿ ಒಂದೇ." ಅಲ್ಲ. ಮೂರು ವಜ್ರದ ಗುರುತು ಒಂದೇ ಥರ ಇದ್ದರೂ ಮಿತ್ಸುಬಿಷಿ ಪೆನ್ಸಿಲ್ ಬೇರೆಯೇ ಕಂಪನಿ. ಅದು 1887ರಲ್ಲಿ ಶುರುವಾಯಿತು.

"ಜರ್ಮನ್ ಹೆಸರಿದ್ದರೆ ಜರ್ಮನಿಯದೇ." ಯಾವಾಗಲೂ ಅಲ್ಲ. ಸ್ಟೆಡ್ಲರ್ 925 ಸರಣಿಯ ಹಲವು ಪೆನ್ಸಿಲ್ಲುಗಳ ಮೇಲೆ ಜಪಾನ್ ಎಂದೇ ಅಚ್ಚಾಗಿದೆ. ಈಚಿನ ರೋಟ್ರಿಂಗ್ 600 ಕೂಡ ಹಾಗೆಯೇ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಕ್ಯಾಮ್ಲಿನ್‌ನಲ್ಲಿ ಜಪಾನಿನ ಕೊಕುಯೊ ಹೆಚ್ಚಿನ ಪಾಲು ಕೊಂಡದ್ದು 2011ರಲ್ಲಿ, ಅದಕ್ಕೂ ಹಿಂದಿನ ಕ್ಯಾಮ್ಲಿನ್ ಪೆನ್ಸಿಲ್ ಜಪಾನಿ ಅಲ್ಲ.

"ತೂಕ ಇದ್ದರೆ ಒಳ್ಳೆಯದು." ದಿನವಿಡೀ ಬಾಗಿ ನಕ್ಷೆ ಬರೆಯುವವರಿಗೆ ಹಗುರವಾದದ್ದೇ ಹಿತ. ಪಿ 205ರ ಮೈ ಪ್ಲಾಸ್ಟಿಕ್ಕೇ. ತೂಕಕ್ಕಿಂತ ತುದಿ ಅಲುಗಾಡುತ್ತದೆಯೇ ಎಂಬುದನ್ನು ನೋಡಿ.

ಲೆಡ್ ಬರದಿದ್ದರೆ ಕೆಟ್ಟಿತೆಂದಲ್ಲ

ಟೊಪ್ಪಿ ಒತ್ತಿದಾಗ ಒಳಗಿನ ಹಿತ್ತಾಳೆಯ ಸಣ್ಣ ದವಡೆಗಳು ಲೆಡ್ ಹಿಡಿದು ಮುಂದೆ ಹೋಗುತ್ತವೆ. ಸುತ್ತಲಿನ ಉಂಗುರ ತಪ್ಪಿದಾಗ ದವಡೆ ತೆರೆದು ಲೆಡ್ ಬಿಡುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ದವಡೆಯನ್ನು ಹಿಂದಕ್ಕೆ ಎಳೆಯುತ್ತದೆ. ಇಷ್ಟೇ ಯಂತ್ರ. ಹಳೆಯದು ನಿಂತುಹೋಗಲು ಮುರಿದ ಲೆಡ್ ಚೂರೇ ಸಾಮಾನ್ಯ ಕಾರಣ.

ಮೊದಲು ಟೊಪ್ಪಿ, ರಬ್ಬರ್ ತೆಗೆದು ಹಳೇ ಲೆಡ್ ಸುರಿಯಿರಿ. ಕೆಲವು ರಬ್ಬರಿನ ಹಿಂದೆ ತೆಳು ಸೂಜಿ ಇರುತ್ತದೆ. ತುದಿಯ ಕೊಳವೆ ಚೊಕ್ಕ ಮಾಡಲೆಂದೇ ಅದನ್ನು ಕೊಟ್ಟಿರುವುದು. ಬಳಿಕ ಒಂದು ಬಿಳಿ ಬಟ್ಟೆ ಹಾಸಿ ಅದರ ಮೇಲೆ ತುದಿಯನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಇಕ್ಕಳ ಬೇಡ, ಹಿಡಿಯ ಗೀರು ಹಾಳಾಗುತ್ತದೆ. ದವಡೆಯ ಉಂಗುರ ಉದುರಿದರೆ ಹುಡುಕಿ ಇಟ್ಟುಕೊಳ್ಳಿ, ಅದಿಲ್ಲದೆ ಪೆನ್ಸಿಲ್ ನಡೆಯದು. ಟೊಪ್ಪಿ ಒತ್ತಿ ದವಡೆ ತೆರೆದಾಗ ಚೂರನ್ನು ತಳ್ಳಿ, ಊದಿ. ಎಣ್ಣೆ ಬಿಡಬೇಡಿ, ಗ್ರಾಫೈಟ್ ಪುಡಿ ಅದಕ್ಕೆ ಅಂಟಿ ಕೆಸರಾಗುತ್ತದೆ. ಥಿನ್ನರ್ ಹಾಕಿ ಒರೆಸಿದರೆ ಅಚ್ಚಿನ ಅಕ್ಷರವೇ ಹೋಗುತ್ತದೆ, ಗುರುತಿಸಲು ಆಧಾರ ಇರುವುದಿಲ್ಲ.

ಹೊಸ ಲೆಡ್ಡಿಗೆ ಬೇರೆಲ್ಲೂ ಹುಡುಕಬೇಕಿಲ್ಲ. ಅಳತೆಗಳು ಬದಲಾಗಿಲ್ಲವಾದ್ದರಿಂದ 1970ರ ದಶಕದ 0.5 ಪೆನ್ಸಿಲ್ಲಿಗೆ ಇಂದು ಸ್ಟೇಷನರಿ ಅಂಗಡಿಯಲ್ಲಿ ಸಿಗುವ 0.5 ಲೆಡ್ಡೇ ಸಾಕು. ಅಂದಹಾಗೆ, 0.5 ಎನ್ನುವ ಲೆಡ್ಡಿನ ನಿಜವಾದ ದಪ್ಪ ಸುಮಾರು 0.56 ಮಿ.ಮೀ. ಅಳೆದು ನೋಡಿ ನಕಲಿ ಎಂದು ತೀರ್ಮಾನಿಸಬೇಡಿ.

ನಿಜವಾಗಿ ರಿಪೇರಿ ಕಷ್ಟವಾಗುವುದು ತುದಿಯ ಕೊಳವೆ ಬಾಗಿದಾಗ. ಪೆನ್ಸಿಲ್ ತಲೆಕೆಳಗಾಗಿ ನೆಲಕ್ಕೆ ಬಿದ್ದರೆ ಆಗುವುದು ಇದೇ. ಕೊಳ್ಳುವವರು ಮೊದಲು ನೋಡಬೇಕಾದದ್ದೂ ಇದನ್ನೇ.

ಎಲ್ಲಿಡಬೇಕು?

ಪೆನ್ಸಿಲ್, ಸೆಟ್ ಸ್ಕ್ವೇರ್, ರಬ್ಬರ್ ಎಲ್ಲವನ್ನೂ ಒಂದೇ ಬಾಕ್ಸಿನಲ್ಲಿ ತುಂಬಿಡುವುದು ನಮ್ಮ ರೂಢಿ. ಆದರೆ ಬಿಳಿ ಪಿವಿಸಿ ರಬ್ಬರನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಪಕ್ಕದ ಪ್ಲಾಸ್ಟಿಕ್ಕಿಗೆ ನಿಧಾನವಾಗಿ ಹರಿಯುತ್ತದೆ. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಪೆನ್ಸಿಲ್ಲಿನ ಮೈ ಕರಗಿದಂತೆ ಅಂಟಾಗುತ್ತದೆ. ರಬ್ಬರನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಿ. ಪೆನ್ಸಿಲ್ಲನ್ನು ಒಣಗಿದ ಹತ್ತಿಬಟ್ಟೆಯಲ್ಲಿ ಮಲಗಿಸಿ ಇಟ್ಟರೆ ಸಾಕು.

ಮಾರುವ ಯೋಚನೆ ಇದ್ದರೆ ಇಷ್ಟು ನೆನಪಿರಲಿ: ಮಾದರಿ ಇನ್ನೂ ತಯಾರಾಗುತ್ತಿದೆಯೇ, ತುದಿ ನೇರವಾಗಿದೆಯೇ, ಅಕ್ಷರ ಓದಲು ಬರುತ್ತದೆಯೇ, ಟೊಪ್ಪಿ ಮತ್ತು ಕ್ಲಿಪ್ ಮೂಲದ್ದೇ ಆಗಿವೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ವಯಸ್ಸೊಂದೇ ಬೆಲೆ ತರುವುದಿಲ್ಲ.

ಮಾರದೆ ಇಟ್ಟುಕೊಳ್ಳುವವರಿಗೆ ನಮ್ಮದೊಂದು ಸಲಹೆ. ಆ ಪೆನ್ಸಿಲ್ ಬಳಸಿದವರು ಮನೆಯಲ್ಲಿದ್ದರೆ ಅದನ್ನು ಯಾರು ತಂದುಕೊಟ್ಟರು, ಯಾವ ಕಚೇರಿಯಲ್ಲಿ ಯಾವ ನಾಲೆಯ, ಯಾವ ಸೇತುವೆಯ ನಕ್ಷೆ ಬರೆದರು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಬಾಕ್ಸಿನೊಳಗೆ ಇಡಿ. ಈ ಮಾಹಿತಿ ಪೆನ್ಸಿಲ್ಲಿನ ಮೈಮೇಲೆ ಎಲ್ಲೂ ಅಚ್ಚಾಗಿರುವುದಿಲ್ಲ. ಆಮೇಲೆ ಹೊಸ ಲೆಡ್ ಹಾಕಿ, ಸೆಟ್ ಸ್ಕ್ವೇರ್ ಇಟ್ಟು ಅವರ ಕೈಯಿಂದಲೇ ಒಂದು ಗೆರೆ ಎಳೆಸಿ ನೋಡಿ.